ಹ್ಯಾಂಡಲ್‌ಬಾರಿಗೆ ಒಂದು ಗಂಟೆ: ತಿರುವಿನಾಚೆ ನಡೆಯುವವರಿಗಾಗಿ

ಮೌಂಟನ್ ಬೈಕಿಗೆಂದೇ, ಅಂದರೆ ಗುಡ್ಡಗಾಡಿನ ಸೈಕಲ್ಲಿಗೆಂದೇ, ಮಾಡಿದ ಈ ಗಂಟೆಯನ್ನು ಬೆರಳಿಂದ ಬಾರಿಸಬೇಕಾಗಿಲ್ಲ. ಹ್ಯಾಂಡಲ್‌ಬಾರಿಗೆ ನೇತುಹಾಕುವ ಹಿತ್ತಾಳೆಯ ಪುಟ್ಟ ಗಂಟೆ, ಅದರೊಳಗೊಂದು ನಾಲಗೆ, ಹೆಬ್ಬೆರಳಿಗೆ ಎಟುಕುವ ಸಣ್ಣ ಲಿವರ್. ಇಷ್ಟೇ ಸಾಮಾನು. ಲಿವರನ್ನು ಒಂದು ಕಡೆಗೆ ತಳ್ಳಿದರೆ ನಾಲಗೆ ಬಿಗಿದುಕೊಂಡು ಗಂಟೆ ಸುಮ್ಮನಾಗುತ್ತದೆ. ಇನ್ನೊಂದು ಕಡೆಗೆ ತಳ್ಳಿದರೆ ನಾಲಗೆ ಸಡಿಲಾಗುತ್ತದೆ. ಆಮೇಲೆ ಚಕ್ರ ಬೇರು ಹತ್ತಿ ಕಲ್ಲು ಇಳಿಯುವ ಪ್ರತಿ ಕುಲುಕಾಟಕ್ಕೂ ಗಂಟೆ ತಾನೇ ಬಡಿದುಕೊಳ್ಳುತ್ತ ಹೋಗುತ್ತದೆ, ಮೇಯಲು ಹೋದ ಹಸುವಿನ ಕೊರಳ ಗಂಟೆಯ ಹಾಗೆ. ನಡುವೆ ಒಂದು ಅರೆಬಿಗಿತದ ಸ್ಥಾನವೂ ಇದೆ. ಅಲ್ಲಿ ದೊಡ್ಡ ಕುಲುಕಿಗೆ ಮಾತ್ರ ಸದ್ದಾಗುತ್ತದೆ.

ಇಂಥ ಗಂಟೆಗಳನ್ನು ಈಗ ಹಲವರು ಮಾಡುತ್ತಾರೆ. ನಾನು ಎರಡು ಬಗೆಯವನ್ನು ಬಳಸಿದ್ದೇನೆ: ಬೋಲ್ಟ್ ಹಾಕಿ ಬಿಗಿಯುವುದು ಒಂದು, ರಬ್ಬರ್ ಪಟ್ಟಿ ಸುತ್ತಿ ಸಿಕ್ಕಿಸುವುದು ಇನ್ನೊಂದು. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಇರುವ ವ್ಯತ್ಯಾಸಕ್ಕಿಂತ ಈ ಬಗೆಯ ಗಂಟೆಗೂ ಮಾಮೂಲಿ ಸೈಕಲ್ ಬೆಲ್ಲಿಗೂ ಇರುವ ವ್ಯತ್ಯಾಸ ದೊಡ್ಡದು. ಆದ್ದರಿಂದ ಈ ವಿಮರ್ಶೆ ಒಂದು ಕಂಪನಿಯ ಮಾಲಿನದ್ದಲ್ಲ, ಈ ಬಗೆಯ ಗಂಟೆಯದ್ದು.

ಮಾಮೂಲಿ ಬೆಲ್ ಟ್ರೇಲಿನಲ್ಲಿ, ಅಂದರೆ ಗುಡ್ಡಗಾಡಿನ ಮಣ್ಣುದಾರಿಯಲ್ಲಿ, ಯಾಕೆ ಸಾಲದು ಎಂಬುದನ್ನು ಮೊದಲು ಹೇಳಬೇಕು. ಸಿಂಗಲ್‌ಟ್ರ್ಯಾಕಿನಲ್ಲಿ, ಒಂದು ಬೈಕಷ್ಟೇ ಹಿಡಿಸುವ ಕಿರಿದಾದ ದಾರಿಯಲ್ಲಿ, ಇಳಿಯುವಾಗ ಎರಡೂ ಕೈಗಳ ತೋರುಬೆರಳು ಬ್ರೇಕ್ ಲಿವರಿನ ಮೇಲಿರುತ್ತವೆ, ಮಿಕ್ಕ ಬೆರಳುಗಳು ಮತ್ತು ಹೆಬ್ಬೆರಳು ಗ್ರಿಪ್ ಹಿಡಿದಿರುತ್ತವೆ. ಕೈ ಸಡಿಲಾಗಬಾರದ ಜಾಗ ಯಾವುದು? ತಿರುವಿಗೆ ಮುಂಚಿನ ಆ ಹತ್ತು ಹದಿನೈದು ಮೀಟರ್. ಬ್ರೇಕ್ ಹಾಕಿ ಮುಗಿಸಬೇಕಾದದ್ದೂ ಅಲ್ಲೇ, ದಾರಿ ಆರಿಸಿಕೊಳ್ಳಬೇಕಾದದ್ದೂ ಅಲ್ಲೇ. ಗಂಟೆ ಬಾರಿಸಬೇಕಾದ ಜಾಗವೂ ಅದೇ. ಹೆಬ್ಬೆರಳು ಗ್ರಿಪ್ಪನ್ನು ಬಿಟ್ಟು ಬೆಲ್ಲಿಗೆ ಹೋದ ಗಳಿಗೆಯಲ್ಲಿ ಮುಂಚಕ್ರ ಒಂದು ಬೇರಿಗೆ ಬಡಿದರೆ ಹ್ಯಾಂಡಲ್ ಕೈತಪ್ಪುತ್ತದೆ. ಹೀಗಾಗಿ ಬಹಳ ಮಂದಿ ಬೆಲ್ ಹಾಕಿಕೊಂಡಿದ್ದರೂ ಬೇಕಾದಲ್ಲಿ ಬಾರಿಸುವುದಿಲ್ಲ. ಅಗಲ ದಾರಿಯಲ್ಲಿ ಬಾರಿಸುತ್ತಾರೆ, ಕುರುಡು ತಿರುವಿನಲ್ಲಿ ಸುಮ್ಮನಿರುತ್ತಾರೆ. ತಾನೇ ಬಡಿದುಕೊಳ್ಳುವ ಗಂಟೆ ಬಿಡಿಸುವುದು ಈ ತೊಡಕನ್ನು. ಇಳಿಯಲು ಶುರುಮಾಡುವ ಮುಂಚೆ ಲಿವರ್ ತಳ್ಳಿದರೆ ಮುಗಿಯಿತು, ಕೈ ಮತ್ತೆ ಬ್ರೇಕಿನಿಂದ ಏಳಬೇಕಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ತಾಸಿಗೆ 20 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 5.5 ಮೀಟರ್. ಎದುರಿಗಿರುವವರು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಬೆರಳು ಬ್ರೇಕ್ ಎಳೆಯುವ ಹೊತ್ತಿಗೆ ಒಂದು ಸೆಕೆಂಡ್ ಹೋಯಿತು ಎಂದುಕೊಳ್ಳಿ. ಬೈಕ್ ನಿಧಾನವಾಗುವುದು ಇನ್ನೂ ಶುರುವೇ ಆಗಿಲ್ಲ, ಆಗಲೇ ಐದೂವರೆ ಮೀಟರ್ ಕಳೆಯಿತು. ಸಡಿಲ ಮಣ್ಣಿನಲ್ಲಿ ಚಕ್ರ ಜಾರದಂತೆ ನಿಲ್ಲಿಸಲು ಇನ್ನೊಂದು ನಾಲ್ಕು ಮೀಟರ್ ಬೇಕು. ಒಟ್ಟು ಹತ್ತು ಮೀಟರಿನ ಹತ್ತಿರ. ಅದೇ 30 ಕಿ.ಮೀ. ವೇಗದಲ್ಲಿ ಈ ದೂರ 17 ಮೀಟರ್ ದಾಟುತ್ತದೆ, ಯಾಕೆಂದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇದು ಸಮತಟ್ಟಾದ ನೆಲದ ಲೆಕ್ಕ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಪೊದೆ ಮುಚ್ಚಿದ ತಿರುವಿನಲ್ಲಿ ನಮಗೆ ಮುಂದೆ ಕಾಣುವುದು ಎಷ್ಟೋ ಸಲ ಎಂಟು ಮೀಟರ್ ಕೂಡ ಇರುವುದಿಲ್ಲ. ಆಚೆಯಿಂದ ಬರುವವರು ನಿಂತಿರುವುದೂ ಇಲ್ಲ, ಅವರೂ ನಮ್ಮ ಕಡೆಗೇ ನಡೆದು ಬರುತ್ತಿರುತ್ತಾರೆ.

ಗಂಟೆಯನ್ನು ಪರೀಕ್ಷಿಸಲು ನನಗೆ ಸಿಕ್ಕವಳು ನನ್ನ ಅಕ್ಕ. ಅವಳು ಬೈಕ್ ಹತ್ತುವವಳಲ್ಲ, ನಡೆಯುವವಳು. ನಾನು ಸವಾರಿ ಮಾಡುವ ದಾರಿಗಳಲ್ಲೇ ಅವಳ ನಡಿಗೆಯೂ. ಅವಳ ಎಡಗಿವಿ ಚಿಕ್ಕಂದಿನಿಂದ ಕೇಳಿಸದು. ಅವಳ ಜೊತೆ ನಡೆಯುವಾಗ ಹಿಂದಿನಿಂದ ಸದ್ದಿಲ್ಲದೆ ಬಂದ ಬೈಕುಗಳು ನಮ್ಮ ಮೊಣಕೈ ಸವರಿಕೊಂಡು ಹೋದದ್ದನ್ನು ನಾನು ನಡೆಯುವವನ ಜಾಗದಲ್ಲಿ ನಿಂತು ಕಂಡಿದ್ದೇನೆ. ಬೈಕಿನ ಮೇಲಿರುವಾಗ ನಮಗೆ ನಮ್ಮ ಚಕ್ರದ ಸದ್ದು, ಚೈನಿನ ಸದ್ದು, ಗಾಳಿಯ ಸದ್ದು ಎಲ್ಲ ಕೇಳುತ್ತಿರುತ್ತದೆ, ಮುಂದಿನವರಿಗೂ ಕೇಳುತ್ತಿದೆ ಎಂದು ಭಾವಿಸುತ್ತೇವೆ. ನಡೆಯುವವರಿಗೆ ಅದು ಕೇಳುವುದು ಬೈಕು ಬೆನ್ನಿಗೆ ಬಂದ ಮೇಲೆ.

ಪರೀಕ್ಷೆ ಸರಳ. ಪೊದೆ ದಟ್ಟವಾಗಿರುವ ಒಂದು ತಿರುವಿನಾಚೆ ಅಕ್ಕ ನನಗೆ ಬೆನ್ನು ಹಾಕಿ ನಿಂತಳು. ತಿರುವಿನ ಮೊನೆಯಲ್ಲಿ, ಇಬ್ಬರೂ ಕಾಣುವ ಹಾಗೆ, ಅವಳ ಮಗಳು. ಸದ್ದು ಕೇಳಿದ ಕೂಡಲೇ ಅಕ್ಕ ಕೈ ಎತ್ತಬೇಕು. ಆ ಗಳಿಗೆಯಲ್ಲಿ ನಾನು ದಾರಿಯಲ್ಲಿ ಎಲ್ಲಿದ್ದೆ ಎಂಬುದನ್ನು ಮಗಳು ಗುರುತು ಹಾಕಿಕೊಳ್ಳಬೇಕು. ಗಂಟೆ ಬಿಗಿದಿಟ್ಟು ಇಳಿದಾಗ ಅಕ್ಕನ ಕೈ ಮೇಲೆದ್ದದ್ದು ನಾನು ತಿರುವಿನೊಳಗೆ ಬಂದ ಮೇಲೆ, ಟೈರಿನ ಕರಕರ ಕೇಳಿಸಿ. ಮಾಮೂಲಿ ಟಿಣ್ ಬೆಲ್ ಬಾರಿಸಿದಾಗ ಸ್ವಲ್ಪ ಮುಂಚೆ. ನೇತಾಡುವ ಗಂಟೆ ಬಿಟ್ಟುಕೊಂಡು ಇಳಿದಾಗ ಅವಳ ಕೈ ಮೇಲೆದ್ದದ್ದು ನಾನು ತಿರುವಿನಿಂದ ನಲವತ್ತು ಹೆಜ್ಜೆಗೂ ಹಿಂದೆ ಇರುವಾಗಲೇ. ಗಾಳಿ ನಮ್ಮ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು ಎಂಬುದನ್ನೂ ಹೇಳಬೇಕು. ಎದುರುಗಾಳಿಯಿದ್ದಾಗ ಈ ದೂರ ಕಡಿಮೆಯಾಗುತ್ತದೆ. ತೊರೆಯ ಪಕ್ಕದಲ್ಲಂತೂ ನೀರಿನ ಸದ್ದು ಗಂಟೆಯನ್ನು ಬಹುಪಾಲು ನುಂಗಿಬಿಡುತ್ತದೆ.

ಆದರೆ ಅಕ್ಕ ಹೇಳಿದ ಮಾತು ಈ ಎಲ್ಲ ಅಳತೆಗಿಂತ ದೊಡ್ಡದು. “ಗಂಟೆ ಬೇಗ ಕೇಳಿಸಿತು ಕಣೋ. ಆದರೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲಿಲ್ಲ. ಯಾವ ಕಡೆ ಸರಿಯಬೇಕು ನಾನು?” ಎಂದಳು.

ಸದ್ದಿನ ದಿಕ್ಕು ತಿಳಿಯಲು ಎರಡು ಕಿವಿಯೂ ಬೇಕು. ಒಂದು ಕಿವಿಗೆ ಸದ್ದು ಒಂದಿಷ್ಟು ಮೊದಲು, ಒಂದಿಷ್ಟು ಜೋರಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದ ಮೆದುಳು ದಿಕ್ಕನ್ನು ಕಂಡುಕೊಳ್ಳುತ್ತದೆ. ಒಂದೇ ಕಿವಿ ಇರುವವರಿಗೆ ಆ ದಾರಿ ಮುಚ್ಚಿದೆ. ಎರಡೂ ಕಿವಿ ಕೇಳಿಸದವರಿಗೆ ಗಂಟೆಯೇ ಇಲ್ಲ. ಇಯರ್‌ಫೋನ್ ಹಾಕಿಕೊಂಡವರಿಗೂ ಇಲ್ಲ. ಚಿಕ್ಕ ಮಕ್ಕಳಿಗೆ ಗಂಟೆ ಕೇಳಿಸಿದರೂ ಅವರು ಏನು ಮಾಡುತ್ತಾರೆಂದು ಹೇಳಲಾಗದು, ಕೆಲವರು ಗಂಟೆ ನೋಡಲು ನಮ್ಮತ್ತಲೇ ಓಡಿಬರುತ್ತಾರೆ. ಹೀಗಾಗಿ ಈ ಸಾಧನವನ್ನು ನಾನು ಅಳೆಯುವುದು ಒಂದೇ ಅಳತೆಯಿಂದ: ಅದು ತಿರುವಿನಾಚೆಯವರಿಗೆ ಕೆಲವು ಸೆಕೆಂಡ್ ಕೊಡುತ್ತದೆ, ನನಗೆ ಒಂದು ಸೆಕೆಂಡನ್ನೂ ಕೊಡುವುದಿಲ್ಲ. ನನ್ನ ಬ್ರೇಕಿನ ಲೆಕ್ಕ ಗಂಟೆ ಹಾಕುವ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ. ಗಂಟೆ ಹಾಕಿಕೊಂಡೆ, ಇನ್ನು ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋಗಬಹುದು ಎನ್ನುವವರ ಕೈಗೆ ಇದು ಸಿಗದಿರುವುದೇ ಮೇಲು.

ದನಿಯ ವಿಷಯದಲ್ಲಿ ಕೊಳ್ಳುವಾಗಲೇ ಗಮನ ಕೊಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಎಲೆ, ಕೊಂಬೆಗಳೂ ಮೊದಲು ಹೀರಿಕೊಳ್ಳುವುದು ಆ ಸ್ವರಗಳನ್ನೇ. ಪುಟ್ಟ ಬಟ್ಟಲಿನ ಬೆಲ್ಲುಗಳು ಕೊಡುವ ಸಣ್ಣ ತೀಕ್ಷ್ಣ ಟಿಣ್ ಸದ್ದು ಅಂಗಡಿಯೊಳಗೆ ಜೋರಾಗಿ ಕೇಳುತ್ತದೆ, ಮರಗಳ ನಡುವೆ ವಯಸ್ಸಾದವರ ಕಿವಿಗೆ ಮುಟ್ಟುವುದಿಲ್ಲ. ಗಂಟೆ ದೊಡ್ಡದಾದಷ್ಟೂ ದನಿ ತಗ್ಗುತ್ತದೆ. ನನ್ನ ಎರಡು ಗಂಟೆಗಳಲ್ಲಿ ಗಾತ್ರದಲ್ಲಿ ದೊಡ್ಡದಾದ, ದನಿ ತುಸು ತಗ್ಗಿದ ಬೋಲ್ಟಿನ ಗಂಟೆಯೇ ಅಕ್ಕನಿಗೆ ಮೊದಲು ಕೇಳಿಸಿದ್ದು. ಎರಡು ಗಾತ್ರ ಎದುರಿಗಿದ್ದರೆ ದೊಡ್ಡದನ್ನೇ ಆರಿಸಿಕೊಳ್ಳಿ, ಭಾರದ ವ್ಯತ್ಯಾಸ ಏನೇನೂ ಅಲ್ಲ.

ಇನ್ನು ದೋಷಗಳು. ದೊಡ್ಡ ದೋಷ ಒಂದಿದೆ. ಈ ಗಂಟೆ ಬಡಿದುಕೊಳ್ಳುವುದು ಕುಲುಕಾಟದಿಂದ, ವೇಗದಿಂದಲ್ಲ. ಒರಟು ನೆಲದಲ್ಲಿ ನಿಧಾನವಾಗಿ ಇಳಿಯುವಾಗ ಊರೆಲ್ಲ ಕೇಳುವಷ್ಟು ಸದ್ದು. ನುಣ್ಣಗಿನ ಗಟ್ಟಿ ಮಣ್ಣಿನ ದಾರಿಯಲ್ಲಿ, ಬೈಕು ನಿಜಕ್ಕೂ ಜೋರಾಗಿ ಓಡುವ ಕಡೆ, ಹೆಚ್ಚುಕಡಿಮೆ ಮೌನ. ಟೈರಿನಲ್ಲಿ ಗಾಳಿ ಕಡಿಮೆ ಇಟ್ಟು, ಮೆತ್ತಗಿನ ಫೋರ್ಕ್ (ಮುಂಚಕ್ರವನ್ನು ಹಿಡಿದು ಕುಲುಕು ಹೀರುವ ಕವಲು) ಹಾಕಿದ ಬೈಕಿನಲ್ಲಿ ಈ ಮೌನ ಇನ್ನೂ ಹೆಚ್ಚು, ಯಾಕೆಂದರೆ ಕುಲುಕು ಹ್ಯಾಂಡಲ್‌ಬಾರಿಗೆ ಮುಟ್ಟುವ ಮುಂಚೆಯೇ ಕರಗಿಹೋಗಿರುತ್ತದೆ. ಗಂಟೆ ಬಿಟ್ಟುಕೊಂಡಿದ್ದೇನೆ ಎಂಬ ಧೈರ್ಯದಲ್ಲಿರುವ ಸವಾರನಿಗೆ ಗಂಟೆ ಸುಮ್ಮನಾದದ್ದು ತಿಳಿಯುವುದೇ ಇಲ್ಲ. ಇಂಥ ದಾರಿಯಲ್ಲಿ ನಾನು ಹ್ಯಾಂಡಲನ್ನು ಮೆಲ್ಲಗೆ ಅಲುಗಿಸಿ ಸದ್ದು ಮಾಡಿಸುತ್ತೇನೆ. ತಿರುವು ಬಂದರೆ ಬಾಯಿಬಿಟ್ಟು ಕೂಗುತ್ತೇನೆ. ಜರ್ಮನಿಯ ವಾಹನ ನಿಯಮಗಳ 64ಎ ಕಲಮು ಪ್ರತಿ ಸೈಕಲ್ಲಿಗೂ ಸ್ಪಷ್ಟ ದನಿಯ ಗಂಟೆ ಇರಲೇಬೇಕು ಎನ್ನುತ್ತದೆ, ಚಕ್ರ ಉರುಳಿದಂತೆ ತಾನೇ ಬಾರಿಸುವ ಗಂಟೆಗಳನ್ನು ನಿಷೇಧಿಸುತ್ತದೆ. ರಸ್ತೆಗೆ ಅದು ಸರಿಯಾದ ವಿವೇಕ: ಎಡೆಬಿಡದೆ ಮೊಳಗುವ ಗಂಟೆ ಯಾರಿಗೂ ಏನನ್ನೂ ಹೇಳುವುದಿಲ್ಲ. ನಮ್ಮ ಗಂಟೆ ಚಕ್ರದಿಂದ ಓಡುವುದಲ್ಲ, ಆದರೂ ಟ್ರೇಲಿಗೆ ಹೋಗಲು ರಸ್ತೆ ಹಿಡಿಯುವವರು ಕೈಯಿಂದ ಬಾರಿಸುವ ಒಂದು ಬೆಲ್ಲನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಎರಡನೆಯ ದೋಷ, ಕೆಸರು. ಮುಂಚಕ್ರ ಎಸೆದ ಮಣ್ಣು ಗಂಟೆಯ ಬಾಯಿಯೊಳಗೆ ಸೇರಿ ಒಣಗಿದರೆ ದನಿ ಮಡಕೆ ತಟ್ಟಿದಂತಾಗುತ್ತದೆ. ಬೈಕ್ ತೊಳೆಯುವಾಗ ಗಂಟೆಯೊಳಗೂ ಹಳೆ ಟೂತ್‌ಬ್ರಷ್ ಆಡಿಸಿದರೆ ಸರಿಹೋಗುತ್ತದೆ. ಹಾಗೆ ನೋಡಿದರೆ ಗಂಟೆಯೊಳಗೆ ಕೆಸರು ತುಂಬುವಷ್ಟು ಒದ್ದೆಯಾದ ಟ್ರೇಲಿನಲ್ಲಿ ನಾವು ಇರಲೇಬಾರದು. ಮೆತ್ತಗಿನ ನೆಲದಲ್ಲಿ ಟೈರು ಕೊರೆದ ಗೀರು ಒಣಗಿದ ಮೇಲೆ ಹಾಗೆಯೇ ಉಳಿಯುತ್ತದೆ, ಮುಂದಿನ ಮಳೆಯ ನೀರಿಗೆ ಅದೇ ಕಾಲುವೆ, ಆ ಕಾಲುವೆ ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹಿಂಚಕ್ರ ಲಾಕ್ ಮಾಡಿ ಸ್ಕಿಡ್ ಹೊಡೆಯುವುದೂ ಅಷ್ಟೇ ಕೆಡುಕು; ಮೇಲಾಗಿ ಜಾರುತ್ತಿರುವ ಚಕ್ರಕ್ಕೆ ಉರುಳುತ್ತಿರುವ ಚಕ್ರಕ್ಕಿರುವಷ್ಟು ಹಿಡಿತ ಇರುವುದಿಲ್ಲ, ಬೈಕು ನಿಲ್ಲುವುದೂ ತಡ.

ಜೋಡಿಸುವ ಕೆಲಸಕ್ಕೆ ಒಂದು ಅಲೆನ್ ಕೀ ಸಾಕು, ಆದರೆ ಜಾಗ ಹುಡುಕುವುದು ಸುಲಭವಲ್ಲ. ಈಗಿನ ಬೈಕುಗಳಲ್ಲಿ ಹ್ಯಾಂಡಲಿನ ಎಡಗಡೆ ಡ್ರಾಪರ್ ಸೀಟಿನ (ಓಡಿಸುತ್ತಲೇ ತಗ್ಗಿಸಬಹುದಾದ ಸೀಟಿನ) ಲಿವರ್, ಬಲಗಡೆ ಗೇರಿನ ಶಿಫ್ಟರ್, ಎರಡೂ ಕಡೆ ಬ್ರೇಕ್ ಕ್ಲಾಂಪ್, ಮುಂದೆ ಕೇಬಲ್ಲುಗಳ ಜಡೆ. ಗಂಟೆ ಬ್ರೇಕ್ ಹೋಸಿಗೆ ತಾಗಿದರೆ ಸದ್ದೂ ಸಾಯುತ್ತದೆ, ಹೋಸೂ ಸವೆಯುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಫೋರ್ಕನ್ನು ಅದುಮಿ ನೋಡಿ, ಎಲ್ಲೂ ತಾಗುತ್ತಿಲ್ಲ ಎಂದಾದ ಮೇಲೆ ಬಿಗಿಯಿರಿ. ನನಗೆ ಒಗ್ಗಿದ್ದು ಬಲಗಡೆ, ಬ್ರೇಕ್ ಕ್ಲಾಂಪಿನ ಒಳಮಗ್ಗುಲು: ಗ್ರಿಪ್ ಬಿಡದೆಯೇ ಹೆಬ್ಬೆರಳು ಲಿವರಿಗೆ ಎಟುಕುತ್ತದೆ. ಎಟುಕದ ಜಾಗದಲ್ಲಿ ಹಾಕಿದರೆ ಗಂಟೆಯ ಅರ್ಧ ಉಪಯೋಗ ಅಲ್ಲೇ ಹೋಯಿತು. ಕಾರ್ಬನ್ ಹ್ಯಾಂಡಲ್‌ಬಾರ್ ಇದ್ದವರು ಗಂಟೆ ತಿರುಗದಷ್ಟು ಬಿಗಿದು ಅಲ್ಲಿಗೇ ನಿಲ್ಲಿಸಬೇಕು, ಇನ್ನೊಂದು ಸುತ್ತು ಎಂದು ಆಸೆಪಡಬಾರದು. ರಬ್ಬರ್ ಪಟ್ಟಿಯ ಬಗೆಗೆ ಈ ಚಿಂತೆಯಿಲ್ಲ, ಎರಡು ಬೈಕಿನ ನಡುವೆ ಬದಲಾಯಿಸಿಕೊಳ್ಳಲೂ ಅನುಕೂಲ. ಅದರ ತೊಂದರೆ ಬೇರೆ: ಉದ್ದದ ಒರಟು ಇಳಿತದಲ್ಲಿ ಅದು ಹ್ಯಾಂಡಲಿನ ಸುತ್ತ ಮೆಲ್ಲಗೆ ತಿರುಗಿಕೊಂಡು, ಲಿವರ್ ಬೆರಳಿಗೆ ಸಿಗದ ಕಡೆಗೆ ಹೋಗಿಬಿಡುತ್ತದೆ. ಅಡಿಯಲ್ಲಿ ಹಳೆ ಟ್ಯೂಬಿನ ಒಂದು ತುಂಡು ಇಟ್ಟರೆ ಬಹುಮಟ್ಟಿಗೆ ನಿಲ್ಲುತ್ತದೆ.

ಲಿವರಿನ ಬಗ್ಗೆ ನಾನು ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಇದೆ. ಈ ಗಂಟೆ ಶುರುಮಾಡುವುದಕ್ಕಿಂತ ನಿಲ್ಲಿಸುವುದರಲ್ಲಿ ಸವಾರನ ಮರ್ಯಾದೆ ಇದೆ. ನಡೆಯುವವರು ಕಣ್ಣಿಗೆ ಬಿದ್ದರು, ಅವರೂ ನಮ್ಮನ್ನು ನೋಡಿದರು ಎಂದರೆ ಗಂಟೆಯ ಕೆಲಸ ಮುಗಿಯಿತು. ಆಮೇಲೂ ಅದು ಬಡಿದುಕೊಳ್ಳುತ್ತಿದ್ದರೆ ಅವರಿಗೆ ಕೇಳುವುದು ‘ನಾನು ಬರುತ್ತಿದ್ದೇನೆ’ ಎಂದಲ್ಲ, ‘ದಾರಿ ಬಿಡಿ’ ಎಂದು. ಕಾಲುದಾರಿಯಲ್ಲಿ ದಾರಿ ಬಿಡಬೇಕಾದವರು ನಾವು. ಗಂಟೆ ಬಿಗಿದು, ನಡಿಗೆಯ ವೇಗಕ್ಕೆ ಇಳಿದು, ಬಾಯಿಂದ ಒಂದು ಮಾತಾಡಿ ದಾಟಬೇಕು. ಜಾಗ ಕಿರಿದಾಗಿದ್ದರೆ ಕಾಲೂರಿ ನಿಂತು ಅವರನ್ನೇ ಮೊದಲು ಬಿಡಬೇಕು. ಹಿಂದಿನಿಂದ ದಾಟುವಾಗ ‘ಎಡಕ್ಕೆ’, ‘ಬಲಕ್ಕೆ’ ಎಂದು ಕೂಗುವುದನ್ನು ನಾನು ಬಿಟ್ಟಿದ್ದೇನೆ. ನಾನು ಎಡಕ್ಕೆ ಬರುತ್ತೇನೋ, ಅವರು ಎಡಕ್ಕೆ ಸರಿಯಬೇಕೋ ಎಂಬ ಗೊಂದಲದಲ್ಲಿ ಗಾಬರಿಬಿದ್ದವರು ಹಾರುವುದು ಸರಿಯಾಗಿ ನಮ್ಮ ಚಕ್ರದ ಮುಂದಕ್ಕೆ. ‘ಹಿಂದೆ ಬೈಕ್ ಇದೆ, ಅವಸರ ಇಲ್ಲ’ ಎಂದರೆ ಸಾಕು, ಅವರೇ ತಿರುಗಿ ನೋಡಿ ಒಂದು ಕಡೆ ನಿಲ್ಲುತ್ತಾರೆ.

ಕುದುರೆಗಳು ಓಡಾಡುವ ಟ್ರೇಲ್ ಆದರೆ ಇನ್ನಷ್ಟು ಎಚ್ಚರ ಬೇಕು. ಕುದುರೆ ಬೇಟೆಗೆ ಸಿಗುವ ಜಾತಿಯ ಪ್ರಾಣಿ. ಸದ್ದಿಲ್ಲದೆ ಹಿಂದಿನಿಂದ ವೇಗವಾಗಿ ಬರುವ ಏನನ್ನು ಕಂಡರೂ ಅದರ ಮೈ ಓಡು ಎನ್ನುತ್ತದೆ. ದೂರದಿಂದ ಕೇಳಿಬರುವ ಗಂಟೆ ಅದಕ್ಕೆ ಒಳ್ಳೆಯದೇ. ಹತ್ತಿರದಲ್ಲಿ ಝಣಝಣ ಎನ್ನುವ ಹೊಳೆಯುವ ವಸ್ತು ಒಳ್ಳೆಯದಲ್ಲ. ದೂರದಲ್ಲೇ ಗಂಟೆ ನಿಲ್ಲಿಸಿ, ಬೈಕಿನಿಂದ ಇಳಿದು, ಕುದುರೆಯ ಮೇಲಿರುವವರ ಜೊತೆ ಜೋರಾಗಿ ಮಾತಾಡಿ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಈ ಹೆಲ್ಮೆಟ್ಟು ಕನ್ನಡಕದ ವಿಚಿತ್ರ ಆಕಾರ ಮನುಷ್ಯನೆಂದು ತಿಳಿಯುತ್ತದೆ. ದಾರಿ ಬಿಟ್ಟು ನಿಲ್ಲುವಾಗ ಇಳಿಜಾರಿನ ಕೆಳಮಗ್ಗುಲಲ್ಲಿ ನಿಲ್ಲಿ, ಮೇಲಿನಿಂದ ಎರಗುವುದನ್ನೇ ಅದು ಹೆಚ್ಚು ಹೆದರುತ್ತದೆ. ಮುಂದೆ ಹೋಗಬಹುದೇ ಎಂದು ಅವರನ್ನೇ ಕೇಳಿ, ಅವರು ಹೂಂ ಎಂದ ಮೇಲೆ ಹೊರಡಿ.

ಕಾಡುಪ್ರಾಣಿಗಳನ್ನು ದೂರ ಇಡುತ್ತದೆ ಎಂದು ಈ ಗಂಟೆಗಳನ್ನು ಮಾರುವವರಿದ್ದಾರೆ. ಆ ಮಾತನ್ನು ನಂಬಿ ಕೊಳ್ಳಬೇಡಿ. ಕರಡಿಗಳಿರುವ ಸೀಮೆಯ ರಾಷ್ಟ್ರೀಯ ಉದ್ಯಾನಗಳವರು ಪುಟ್ಟ ಗಂಟೆ ಸಾಲದು, ಮಾತಾಡಿ, ಕೂಗಿ, ಚಪ್ಪಾಳೆ ತಟ್ಟಿ ಎಂದೇ ಹೇಳುತ್ತಾರೆ. 2016ರಲ್ಲಿ ಅಮೆರಿಕದ ಮೊಂಟಾನಾದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಹತ್ತಿರ, ಮೌಂಟನ್ ಬೈಕ್ ಸವಾರರೊಬ್ಬರು ತಿರುವಿನಲ್ಲಿ ಗ್ರಿಜ್ಲಿ ಕರಡಿಗೆ ಡಿಕ್ಕಿಯಾಗಿ, ಅದರ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಅವರು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು, ಕಾಡು ಬಲ್ಲವರು. ಆಮೇಲೆ ನಡೆದ ಪರಿಶೀಲನೆ ಎತ್ತಿ ಹೇಳಿದ್ದು ವೇಗವನ್ನು ಮತ್ತು ಮುಂದೆ ಕಾಣದ ದಾರಿಯನ್ನು: ಕರಡಿಗೂ ಸವಾರರಿಗೂ ಒಬ್ಬರಿಗೊಬ್ಬರು ಇದ್ದಾರೆಂದು ತಿಳಿಯಲು ಸಮಯವೇ ಇರಲಿಲ್ಲ. ಆ ದುಃಖದ ಸುದ್ದಿಯನ್ನು ನಾನು ಮರೆತಿಲ್ಲ. ದೊಡ್ಡ ಪ್ರಾಣಿಗಳಿರುವ ಕಾಡಿನಲ್ಲಿ ನಾನು ಗಂಟೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಜೊತೆಯವರೊಡನೆ ಮಾತಾಡುತ್ತ, ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗದಲ್ಲಿ ಹೋಗುತ್ತೇನೆ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಉದಾಹರಣೆ ಇಲ್ಲಿ ಹೇಳಲೇಬೇಕು. 1976ರಲ್ಲಿ ಹಳೆಯ ಭಾರದ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಬಿಟ್ಟು ಪಂದ್ಯ ಕಟ್ಟಿದವರ ಊರು ಅದು, ಈ ಆಟದ ತವರು ಎಂದೇ ಹೆಸರು. ಇವತ್ತು ಅಲ್ಲಿನ ಸಾರ್ವಜನಿಕ ಗುಡ್ಡಗಳ ದಾರಿಯಲ್ಲಿ ಸೈಕಲ್ಲಿಗೆ ತಾಸಿಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ಮಿತಿ, ಬೇರೆಯವರನ್ನು ದಾಟುವಾಗ ಮತ್ತು ಕುರುಡು ತಿರುವಿನಲ್ಲಿ 5 ಮೈಲಿ, ಹೆಚ್ಚುಕಡಿಮೆ 8 ಕಿ.ಮೀ. ಕಿರಿದಾದ ಕಾಲುದಾರಿಗಳಲ್ಲಿ ಹೆಚ್ಚಿನವು ಸೈಕಲ್ಲಿಗೆ ಮುಚ್ಚಿವೆ. ನಡೆಯುವವರ, ಕುದುರೆಯವರ ದೂರುಗಳು ವರ್ಷಗಟ್ಟಲೆ ಪೇರಿಕೊಂಡು ಅಲ್ಲಿಗೆ ಬಂದು ಮುಟ್ಟಿತು. 1988ರಲ್ಲಿ ಕ್ಯಾಲಿಫೋರ್ನಿಯಾದ ಸವಾರರ ಸಂಘಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಸ್ಥೆ, ಇಂಬಾ, ಕಟ್ಟಿಕೊಂಡದ್ದೂ ಈ ಮುಚ್ಚುವಿಕೆಗೆ ಉತ್ತರವಾಗಿಯೇ. ಅವರ ಟ್ರೇಲ್ ನಿಯಮಗಳು ಚಿಕ್ಕವು: ತೆರೆದ ದಾರಿಯಲ್ಲಷ್ಟೇ ಓಡಿಸಿ, ಗುರುತು ಬಿಡಬೇಡಿ, ಬೈಕು ಹತೋಟಿಯಲ್ಲಿರಲಿ, ಬೇರೆಯವರಿಗೆ ದಾರಿ ಬಿಡಿ, ಪ್ರಾಣಿಗಳನ್ನು ಬೆಚ್ಚಿಸಬೇಡಿ, ಮುಂದಾಲೋಚನೆಯಿಂದ ಹೊರಡಿ. ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಎಂಬುದೂ ಅದರಲ್ಲಿ ಸೇರಿದೆ, ಯಾಕೆಂದರೆ ಏರಿನಲ್ಲಿ ಒಮ್ಮೆ ಕಾಲೂರಿದವರಿಗೆ ಮತ್ತೆ ಹೊರಡುವುದು ಕಷ್ಟ. 8 ಕಿ.ಮೀ. ಎನ್ನುವ ಆ ಮಿತಿಯನ್ನು ಕೇಳಿ ನಗುವ ಸವಾರರನ್ನು ನಾನು ಬಲ್ಲೆ. ಅಕ್ಕನನ್ನು ತಿರುವಿನಾಚೆ ನಿಲ್ಲಿಸಿ ನೋಡಿದ ಮೇಲೆ ನನಗೆ ಆ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ.

ಗುಂಪಿನಲ್ಲಿ ಹೋಗುವಾಗ ಎಲ್ಲರೂ ಗಂಟೆ ಬಿಟ್ಟುಕೊಂಡರೆ ಜಾತ್ರೆಯ ಗದ್ದಲ, ಎಷ್ಟು ಬೈಕು ಬಂದವು ಎಷ್ಟು ಬಾಕಿ ಎಂದು ನಡೆಯುವವರಿಗೆ ತಿಳಿಯದು. ನಮ್ಮ ಗುಂಪಿನಲ್ಲಿ ಮೊದಲನೆಯವರು ಮತ್ತು ಕೊನೆಯವರು ಮಾತ್ರ ಬಿಟ್ಟುಕೊಳ್ಳುತ್ತಾರೆ. ಮೊದಲನೆಯವರು ದಾಟುವಾಗ ‘ಹಿಂದೆ ಇನ್ನು ನಾಲ್ಕು ಜನ’ ಎಂದು ಹೇಳುತ್ತಾರೆ, ಕೊನೆಯವರು ‘ನಾನೇ ಕೊನೆ’ ಎನ್ನುತ್ತಾರೆ. ಇದೊಂದು ಪದ್ಧತಿಯಿಂದ ಎದುರಾಗುವವರ ಮುಖದಲ್ಲಿ ಕಾಣುವ ನಿರಾಳ ನೋಡಿಯೇ ತಿಳಿಯಬೇಕು. ಹಿಂದಿನವರ ಗಂಟೆ ಕೇಳಿಸುತ್ತಿದೆಯೋ ಇಲ್ಲವೋ ಎಂಬುದರಿಂದ ಗುಂಪು ಕಳಚಿಕೊಂಡಿದೆಯೇ ಎಂಬುದೂ ಗೊತ್ತಾಗುತ್ತದೆ. ಯಾರಾದರೂ ಬಿದ್ದರೆ ಬೇಗ ತಿಳಿಯಲು ಇದೂ ಒಂದು ದಾರಿ, ಸಣ್ಣದಲ್ಲ.

ಹೆಲ್ಮೆಟ್ಟಿಗೆ ಇಷ್ಟು ಹಣ ಸುರಿದಿದ್ದೇವೆ, ಗಂಟೆ ಯಾಕೆ ಎಂದು ಕೇಳುವವರಿಗೆ ಒಂದು ವಿಷಯ. ಯೂರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಅಡಿಗಲ್ಲಿನ ಮೇಲೆ ಬೀಳಿಸಿ ಪರೀಕ್ಷಿಸುವ ವೇಗ ಸೆಕೆಂಡಿಗೆ 5.42 ಮೀಟರ್, ತಾಸಿಗೆ ಇಪ್ಪತ್ತು ಕಿ.ಮೀ.ಗೂ ತುಸು ಕಡಿಮೆ. ಆ ಬಡಿತದಲ್ಲಿ ತಲೆಗೆ ಮುಟ್ಟುವ ಹೊಡೆತ 250 ಜೀ, ಅಂದರೆ ಭೂಮಿಯ ಗುರುತ್ವದ 250 ಪಟ್ಟು, ಮೀರಬಾರದು ಎಂಬುದು ಷರತ್ತು. ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಸಿದಿರುತ್ತದೆ, ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಬೇಕು. ಹೆಲ್ಮೆಟ್ ಬೇಕೇ ಬೇಕು, ಅದಿಲ್ಲದೆ ನಾನು ಗೇಟು ದಾಟುವುದಿಲ್ಲ. ಆದರೆ ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಕೈಗವಸು, ಕನ್ನಡಕ, ನಾವು ಹಾಕಿಕೊಳ್ಳುವುದೆಲ್ಲ ಕಾಯುವುದು ನಮ್ಮ ಮೈಯನ್ನು. ಬೈಕಿನ ಮೇಲಿರುವ ಸಾಮಾನುಗಳಲ್ಲಿ ಬೇರೆಯವರಿಗಾಗಿ ಇರುವುದು ಎರಡೇ, ಬ್ರೇಕು ಮತ್ತು ಗಂಟೆ.

ಯಾರಿಗೆ ಇದು ಬೇಡ? ನಡೆಯುವವರಿಗೆ ಪ್ರವೇಶವಿಲ್ಲದ, ಒಂದೇ ದಿಕ್ಕಿನಲ್ಲಿ ಓಡುವ ಬೈಕ್ ಪಾರ್ಕಿನಲ್ಲೇ ಸವಾರಿ ಮಾಡುವವರಿಗೆ ಬೇಡ. ಅಲ್ಲಿ ಅದು ಬರೀ ಸದ್ದು. ಹೆಚ್ಚಾಗಿ ನುಣ್ಣಗಿನ ಅಗಲ ಮಣ್ಣುದಾರಿಯಲ್ಲಿ ಓಡಾಡುವವರಿಗೂ ಕೈಯಿಂದ ಬಾರಿಸುವ ದೊಡ್ಡ ಬೆಲ್ಲೇ ಮೇಲು. ನಡೆಯುವವರು, ಓಡುವವರು, ನಾಯಿ ಹಿಡಿದವರು, ಕುದುರೆಯವರು ಎಲ್ಲರೂ ಹಂಚಿಕೊಂಡಿರುವ ತಿರುವುಗಳ ಸಿಂಗಲ್‌ಟ್ರ್ಯಾಕಿನಲ್ಲಿ ಇಳಿಯುವವರು ಮಾತ್ರ ಇದನ್ನು ಕೊಳ್ಳಲೇಬೇಕು ಎಂಬುದು ನನ್ನ ಮಾತು. ಒಂದೇ ಬೈಕ್ ಇದ್ದರೆ ಬೋಲ್ಟಿನದು. ಎರಡು ಮೂರು ಬೈಕ್ ಇದ್ದರೆ, ಅಥವಾ ಬೇರೆಯವರ ಬೈಕು ಬಾಡಿಗೆಗೆ ತೆಗೆದುಕೊಳ್ಳುವವರಾದರೆ, ರಬ್ಬರ್ ಪಟ್ಟಿಯದು. ಪಟ್ಟಿ ಹರಿದರೆ ಪಟ್ಟಿ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎರಡರಲ್ಲೂ ನೋಡಬೇಕಾದದ್ದು ಲಿವರ್ ಗಟ್ಟಿಯಾಗಿ ಕೂರುತ್ತದೆಯೇ ಎಂಬುದನ್ನು. ಕೈಯಲ್ಲಿ ಹಿಡಿದು ಜೋರಾಗಿ ಕುಲುಕಿ: ಬಿಗಿದ ಸ್ಥಾನದಲ್ಲಿ ಸದ್ದೇ ಬರಬಾರದು, ಬಿಟ್ಟ ಸ್ಥಾನದಲ್ಲಿ ಸ್ವಲ್ಪ ಅಲುಗಾಟಕ್ಕೂ ಬರಬೇಕು. ಬಿಗಿದಾಗಲೂ ಕಟಕಟ ಎನ್ನುವ ಗಂಟೆಯನ್ನು ಏರಿನುದ್ದಕ್ಕೂ ಕೇಳಿ ಬೇಸತ್ತು ನೀವೇ ಒಂದು ದಿನ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತೀರಿ, ಹಾಗಾಗಿ ಅಂಥದ್ದನ್ನು ಅಂಗಡಿಯಲ್ಲೇ ವಾಪಸು ಕೊಡಿ.